ವೈದ್ಯಕೀಯಕ್ಕೆ ಮೊದಲು ಬಿ.ಎಸ್ಸಿ. ಮಾಡಿಸಬೇಕೆ?

ಪ್ರಶ್ನೆ: ಮಾನ್ಯರೇ, ನನ್ನ ಮಗಳು ಹತ್ತನೇ ತರಗತಿವರೆಗೂ ನಮ್ಮೂರಿನ ಸರ್ಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, ಈ ವರ್ಷ ಹಾಸನದಲ್ಲಿ ದ್ವಿತೀಯ ಪಿಯುಸಿ ಮುಗಿಸಿದ್ದಾಳೆ. ನೀಟ್‌ನಲ್ಲಿ ಜೀವಶಾಸ್ತ್ರದ ಅಂಕ ಚೆನ್ನಾಗಿದ್ದರೂ ಭೌತಶಾಸ್ತ್ರದಲ್ಲಿ ತೀರಾ ಕಡಿಮೆ ಬಂದಿರುವುದರಿಂದ ಸೀಟು ಸಿಗುವ ಹಾಗಿಲ್ಲ. ಅಮೆರಿಕದಲ್ಲಿರುವ ಅವಳ ಸೋದರಮಾವ, “ಇಲ್ಲಿ ಎಲ್ಲರೂ ಪದವಿ ಮುಗಿಸಿಯೇ ಮೆಡಿಕಲ್ ಸೇರುತ್ತಾರೆ, ಅವಳೂ ಬಿ.ಎಸ್ಸಿ. ಮಾಡಿಕೊಂಡು ಆಮೇಲೆ ಪ್ರಯತ್ನಿಸಲಿ” ಎನ್ನುತ್ತಾರೆ. ವೈದ್ಯಕೀಯಕ್ಕೆ ಅನುಕೂಲವಾಗಲು ಬಿ.ಎಸ್ಸಿ.ಯಲ್ಲಿ ಯಾವ ವಿಷಯ ಕೊಡಿಸಬೇಕು?
– ಒಬ್ಬ ತಾಯಿ, ಅರಕಲಗೂಡು ತಾಲ್ಲೂಕು

ಉತ್ತರ: ಸೋದರಮಾವ ಹೇಳಿದ್ದು ಅಮೆರಿಕದ ಮಟ್ಟಿಗೆ ಸರಿ. ಅಲ್ಲಿ ಸಾಮಾನ್ಯವಾಗಿ ನಾಲ್ಕು ವರ್ಷದ ಪದವಿ ಪಡೆದು, ಎಂಕ್ಯಾಟ್ ಎಂಬ ಪ್ರವೇಶ ಪರೀಕ್ಷೆ ಬರೆದು, ಬಳಿಕ ನಾಲ್ಕು ವರ್ಷದ ವೈದ್ಯಕೀಯ ಶಿಕ್ಷಣಕ್ಕೆ ಸೇರುತ್ತಾರೆ. ಪದವಿಯ ಮುಖ್ಯ ವಿಷಯ ಇಂಥದ್ದೇ ಆಗಿರಬೇಕೆಂಬ ಕಟ್ಟುಪಾಡಿಲ್ಲ. ಜೀವಶಾಸ್ತ್ರ, ರಸಾಯನಶಾಸ್ತ್ರ, ಭೌತಶಾಸ್ತ್ರಗಳಲ್ಲಿ ಕಾಲೇಜುಗಳು ಕೇಳುವಷ್ಟು ಪಾಠಗಳನ್ನು ಪ್ರಯೋಗಾಲಯದ ಸಮೇತ ಮುಗಿಸಿದ್ದರೆ, ಇತಿಹಾಸವನ್ನೋ ಸಂಗೀತವನ್ನೋ ಓದಿದವರೂ ಅರ್ಜಿ ಹಾಕಬಹುದು. ಆದರೆ ಅಲ್ಲಿನ ಅನೇಕ ವೈದ್ಯಕೀಯ ಕಾಲೇಜುಗಳು ವಿದೇಶಿ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುವುದೇ ಇಲ್ಲ. ತೆಗೆದುಕೊಳ್ಳುವವುಗಳಲ್ಲಿ ಹಲವು, ಪದವಿಯ ಸ್ವಲ್ಪ ಭಾಗವನ್ನಾದರೂ ಅಮೆರಿಕ ಅಥವಾ ಕೆನಡಾದಲ್ಲಿ ಓದಿರಬೇಕೆಂದು ಕೇಳುತ್ತವೆ. ಹಾಸನದಲ್ಲಿ ಮೂರು ವರ್ಷದ ಬಿ.ಎಸ್ಸಿ. ಮಾಡಿ ಆ ದಾರಿ ಹಿಡಿಯಬಹುದೆಂದು ದಯವಿಟ್ಟು ಲೆಕ್ಕ ಹಾಕಬೇಡಿ.

ನಮ್ಮಲ್ಲಿ ಎಂ.ಬಿ.ಬಿ.ಎಸ್. ಪ್ರವೇಶಕ್ಕೆ ಬೇಕಾದ ವಿದ್ಯಾರ್ಹತೆ ಪಿಯುಸಿ. ಸೀಟು ನಿರ್ಧಾರವಾಗುವುದು ನೀಟ್ ರ‍್ಯಾಂಕ್‌ನಿಂದ. ಬಿ.ಎಸ್ಸಿ.ಯಲ್ಲಿ ಚಿನ್ನದ ಪದಕವೇ ಬಂದರೂ ಅದರಿಂದ ಒಂದು ಅಂಕವೂ ಸೇರುವುದಿಲ್ಲ. ಪದವಿ ಓದಿದರೆ ನೀಟ್ ಸುಲಭವಾಗುತ್ತದೆ ಎಂಬ ನಂಬಿಕೆ ನಮ್ಮ ಜಿಲ್ಲೆಗಳಲ್ಲಿ ಬಲವಾಗಿದೆ, ಅದನ್ನು ನಾನು ಒಪ್ಪುವುದಿಲ್ಲ. ನೀಟ್‌ನ ಪಠ್ಯ ಪ್ರಥಮ ಮತ್ತು ದ್ವಿತೀಯ ಪಿಯುಸಿ ಮಟ್ಟದ್ದು. ಡಾಕ್ಟರಾಗಬೇಕೆನ್ನುವ ಮಕ್ಕಳು ಸಾಮಾನ್ಯವಾಗಿ ಆರಿಸಿಕೊಳ್ಳುವ ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರದ ಸಂಯೋಜನೆಯಲ್ಲಂತೂ ಭೌತಶಾಸ್ತ್ರವೇ ಇರುವುದಿಲ್ಲ. ನಿಮ್ಮ ಮಗಳು ಸೋತಿರುವುದು ಅದೇ ವಿಷಯದಲ್ಲಿ. ಮೂರು ವರ್ಷ ಅದರ ಪಾಠವೇ ಇಲ್ಲದೆ ಕಳೆದರೆ ಈಗ ಬರುವಷ್ಟೂ ಮರೆತುಹೋಗುತ್ತದೆ. ಅದರ ಮೇಲೆ, ಇತ್ತೀಚಿನ ವರ್ಷಗಳಲ್ಲಿ ನೀಟ್ ಹೆಚ್ಚಾಗಿ ಮೇ ತಿಂಗಳ ಮೊದಲ ಭಾನುವಾರ ನಡೆಯುತ್ತಿರುವುದರಿಂದ, ಪ್ರಾಯೋಗಿಕ ತರಗತಿ, ರೆಕಾರ್ಡ್ ಬರೆಯುವುದು, ಸೆಮಿಸ್ಟರ್ ಪರೀಕ್ಷೆಯ ತಯಾರಿ ಎಲ್ಲವೂ ಅದೇ ಹೊತ್ತಿಗೆ ಬಂದು ಬೀಳುತ್ತವೆ.

ಹಾಗಾಗಿ ಮೊದಲು ಮಗಳನ್ನು ಕೂರಿಸಿಕೊಂಡು ಅವಳು ಉತ್ತರ ಗುರುತಿಸಿದ ಒಎಂಆರ್ ಹಾಳೆಯ ಪ್ರತಿಯನ್ನೂ ಸರಿಯುತ್ತರದ ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟು ನೋಡಿ. ನೀಟ್‌ನ 720 ಅಂಕಗಳಲ್ಲಿ ಜೀವಶಾಸ್ತ್ರಕ್ಕೆ 360, ಭೌತಶಾಸ್ತ್ರಕ್ಕೆ 180. ಭೌತಶಾಸ್ತ್ರದ 45 ಪ್ರಶ್ನೆಗಳಲ್ಲಿ ಅವಳು ಎಷ್ಟನ್ನು ಬಿಟ್ಟಿದ್ದಾಳೆ, ಎಷ್ಟನ್ನು ತಪ್ಪಾಗಿ ಗುರುತಿಸಿದ್ದಾಳೆ ಎಂಬುದನ್ನು ಬೇರೆ ಬೇರೆ ಎಣಿಸಿ. ಬಿಟ್ಟವು ಹೆಚ್ಚಿದ್ದರೆ, ಸಮಯ ಸಾಕಾಗಲಿಲ್ಲವೋ ಪಾಠವೇ ಮನಸ್ಸಿಗೆ ಹತ್ತಿಲ್ಲವೋ ಎಂದು ಅವಳನ್ನೇ ಕೇಳಿ. ತಪ್ಪುಗಳು ಹೆಚ್ಚಿದ್ದರೆ ಬಹುಶಃ ಅಂದಾಜಿನ ಮೇಲೆ ಗುರುತು ಹಾಕಿದ್ದಾಳೆ, ಮತ್ತು ಪ್ರತಿ ತಪ್ಪಿಗೂ ಒಂದು ಅಂಕ ಕಳೆದುಕೊಂಡಿದ್ದಾಳೆ. ಇನ್ನೊಂದು ಸಾಧ್ಯತೆಯೂ ಇದೆ. ಹತ್ತು ವರ್ಷ ಕನ್ನಡದಲ್ಲಿ ಓದಿ ಪಿಯುಸಿಯಲ್ಲಿ ಇದ್ದಕ್ಕಿದ್ದಂತೆ ಇಂಗ್ಲಿಷಿಗೆ ಬಂದ ಮಕ್ಕಳು ಲೆಕ್ಕ ಬಾರದೆ ಅಲ್ಲ, ಪ್ರಶ್ನೆಯ ವಾಕ್ಯ ಬಿಡಿಸಿಕೊಳ್ಳಲಾಗದೆ ಎಡವುತ್ತಾರೆ. ನೀಟ್ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಇರುತ್ತದೆ, ಅದನ್ನು ಆರಿಸಿಕೊಂಡವರಿಗೆ ಇಂಗ್ಲಿಷ್ ರೂಪವೂ ಜೊತೆಯಲ್ಲೇ ಸಿಗುತ್ತದೆ. ಅರ್ಜಿ ತುಂಬುವಾಗ ಇದನ್ನು ಅವಳೇ ತೀರ್ಮಾನಿಸಲಿ.

ಕಾರಣ ಸ್ಪಷ್ಟವಾಗಿ, ಅದನ್ನು ಸರಿಪಡಿಸುವ ಹುಮ್ಮಸ್ಸು ಮಗಳಲ್ಲಿದ್ದರೆ, ಒಂದು ವರ್ಷವನ್ನು ಪೂರ್ತಿಯಾಗಿ ನೀಟ್‌ಗೇ ಮೀಸಲಿಡುವುದು ಒಳ್ಳೆಯದೆಂದು ನನಗನ್ನಿಸುತ್ತದೆ. ಎರಡನೇ, ಮೂರನೇ ವರ್ಷಕ್ಕೂ ಅದನ್ನೇ ಮುಂದುವರಿಸುವುದನ್ನು ಮಾತ್ರ ನಾನು ಸಲಹೆ ಮಾಡಲಾರೆ. ಮನೆಯಲ್ಲೇ ಕುಳಿತು ಜೊತೆಯವರೆಲ್ಲ ಮುಂದೆ ಹೋಗುವುದನ್ನು ನೋಡುವ ಮಗುವಿನ ಮನಸ್ಸಿನ ಮೇಲೆ ಅದು ಹೇರುವ ಭಾರ ದೊಡ್ಡದು.

ಪದವಿಗೇ ಸೇರುವುದಾದರೆ, ಎಂ.ಬಿ.ಬಿ.ಎಸ್. ಸೀಟು ಸಿಗದಿದ್ದರೂ ಅವಳು ಸಂತೋಷದಿಂದ ಮುಂದುವರಿಸುವ ವಿಷಯವೇ ಆಗಿರಲಿ. ರೋಗಿಗಳ ಶುಶ್ರೂಷೆ ಅವಳ ಮನಸ್ಸನ್ನು ಸೆಳೆಯುತ್ತಿದ್ದರೆ ನರ್ಸಿಂಗ್, ಫಿಸಿಯೋಥೆರಪಿಗಳನ್ನು ಕಡಿಮೆಯೆಂದು ಕಾಣಬೇಡಿ. ಆಯುರ್ವೇದದಲ್ಲಿ ಆಸಕ್ತಿಯಿದ್ದರೆ ಹಾಸನದಲ್ಲೇ ಕಾಲೇಜಿದೆ, ಅದಕ್ಕೂ ನೀಟ್ ಬೇಕು. ಜೀವಶಾಸ್ತ್ರವೇ ಪ್ರಿಯವಾದರೆ ಸರ್ಕಾರಿ ವಿಜ್ಞಾನ ಕಾಲೇಜಿನಲ್ಲಿ ಬಿ.ಎಸ್ಸಿ. ಓದಿ, ಎಂ.ಎಸ್ಸಿ. ಅಥವಾ ಬಿ.ಇಡಿ. ಕಡೆಗೆ ಹೋಗಬಹುದು. ನೀಟ್ ಬರೆಯಲು ಗರಿಷ್ಠ ವಯಸ್ಸಿನ ಮಿತಿಯನ್ನು 2022ರಲ್ಲಿ ತೆಗೆದುಹಾಕಿರುವುದರಿಂದ, ಪದವಿಯ ನಂತರವೂ ಮನಸ್ಸಾದರೆ ಅವಕಾಶ ಉಳಿದೇ ಇರುತ್ತದೆ.

ಒಂದು ವಿಷಯವನ್ನು ಮಾತ್ರ ಮರೆಯಬೇಡಿ. ಒಂದರಿಂದ ಹತ್ತನೇ ತರಗತಿವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ. 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಮೀಸಲಾತಿ ರಾಜ್ಯದ ಕೋಟಾದಲ್ಲಿದೆ. ಹಾಸನದ ವೈದ್ಯಕೀಯ ಕಾಲೇಜಾದ ಹಿಮ್ಸ್ ಸೇರಿದಂತೆ ಸರ್ಕಾರಿ ಕಾಲೇಜುಗಳ ಶೇ. 85ರಷ್ಟು ಸೀಟುಗಳು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಮೂಲಕ ಈ ರಾಜ್ಯ ಕೋಟಾದಲ್ಲೇ ಹಂಚಿಕೆಯಾಗುತ್ತವೆ. ಊರಿನ ಶಾಲೆಯ ಮುಖ್ಯೋಪಾಧ್ಯಾಯರಿಂದ ವ್ಯಾಸಂಗ ಪ್ರಮಾಣಪತ್ರ ಪಡೆದು ಕ್ಷೇತ್ರ ಶಿಕ್ಷಣಾಧಿಕಾರಿಯವರ ಮೇಲುಸಹಿ ಮಾಡಿಸಿಟ್ಟುಕೊಳ್ಳಿ, ಮತ್ತು ಪ್ರಾಧಿಕಾರದ ಅರ್ಜಿಯಲ್ಲಿ ಈ ಎರಡೂ ಮೀಸಲಾತಿಗಳನ್ನು ತಪ್ಪದೆ ನಮೂದಿಸಿ.