ಐಸ್‌ಲ್ಯಾಂಡಿಗೆ ಬಂದವರನ್ನು ಕರೆದವರು ಯಾರು?

ದಾವಣಗೆರೆಯ ಓದುಗರಿಗೆ ನಮಸ್ಕಾರ.

ನಿಮ್ಮ ನಾಲ್ಕು ಪುಟದ ಕಾಗದ ಬಂತು. ಈಗಿನ ಕಾಲದಲ್ಲಿ ಕೈಯಲ್ಲಿ ಬರೆದ ಕಾಗದ, ಅದೂ ನಾಲ್ಕು ಪುಟ! ಮೂರೂವರೆ ಪುಟ ನಮ್ಮನ್ನು ಬೈಯುವುದಕ್ಕೇ ಖರ್ಚಾಗಿದೆ ಅನ್ನೋದು ಬೇರೆ ಮಾತು. ಕಳೆದ ಸಂಚಿಕೆಯಲ್ಲಿ ಐಸ್‌ಲ್ಯಾಂಡಿನ ವಲಸಿಗರ ಬಗ್ಗೆ ಬಂದ ಲೇಖನ ನಿಮಗೆ ಹಿಡಿಸಲಿಲ್ಲ. ಉಳಿದ ಓದುಗರಿಗಾಗಿ ನಿಮ್ಮ ಮಾತನ್ನೇ ಹಾಕುತ್ತೇನೆ: "ನಾಲ್ಕು ಲಕ್ಷ ಜನವೂ ಇಲ್ಲದ ದೇಶ. ಸಾವಿರ ವರ್ಷ ಒಂದೇ ಜನ, ಒಂದೇ ಭಾಷೆ ಅಂತ ಬಾಳಿದೆ. ಅವರು ಈಗ ಹೆದರಿದರೆ ಅದು ನಿಮಗೆ ದ್ವೇಷದ ಹಾಗೆ ಕಾಣುತ್ತದೆ. ಬೆಂಗಳೂರಿನಲ್ಲಿ ಕೂತು ಕನ್ನಡದ ಗತಿ ದಿನಾ ನೋಡುವ ನಿಮಗೂ ಅವರ ಸಂಕಟ ಅರ್ಥ ಆಗಲ್ವಾ?"

ಆಗುತ್ತದೆ ಸರ್. ಲೇಖನದ ತಲೆಬರಹ ಖಾರವಾಗಿತ್ತು, ಒಪ್ಪುತ್ತೇನೆ. ಅದನ್ನು ಕೊಟ್ಟಿದ್ದು ನಾನು, ಲೇಖಕರಲ್ಲ. ಅವರನ್ನು ಬಿಟ್ಟುಬಿಡಿ.

ಹೆದರಿಕೆಗೆ ಕಾರಣ ಇಲ್ಲ ಅಂತ ನಾನು ಹೇಳುವುದಿಲ್ಲ. ನಮ್ಮ ರಾಜ್ಯದ ಅರ್ಧಕ್ಕಿಂತ ದೊಡ್ಡ ನೆಲ, ನಿಮ್ಮ ದಾವಣಗೆರೆ ನಗರಕ್ಕಿಂತ ಕಡಿಮೆ ಜನ. 1996ರಲ್ಲಿ ಅಲ್ಲಿ ಹೊರಗಿನಿಂದ ಬಂದವರು ನೂರಕ್ಕೆ ಇಬ್ಬರು. 2024ರ ಹೊತ್ತಿಗೆ ನೂರಕ್ಕೆ 18. ಒಂದು ತಲೆಮಾರಿನೊಳಗೆ ಇಷ್ಟು ಬದಲಾದರೆ ಎಂಥವರಿಗೂ ತಲೆ ತಿರುಗುತ್ತದೆ.

ಆದರೆ "ಸಾವಿರ ವರ್ಷ ಒಂದೇ ಜನ" ಅಂದಿರಲ್ಲ, ಅಲ್ಲಿ ಸ್ವಲ್ಪ ನಿಲ್ಲೋಣ. ಒಂಬತ್ತನೇ ಶತಮಾನದ ಕೊನೆಯಲ್ಲಿ ನಾರ್ವೆ ಕಡೆಯಿಂದ ದೋಣಿಯಲ್ಲಿ ಬಂದು ಅಲ್ಲಿ ನೆಲೆಸಿದ ಗಂಡಸರ ಕಥೆ ಎಲ್ಲರೂ ಹೇಳುತ್ತಾರೆ. ಹೆಂಗಸರು ಎಲ್ಲಿಂದ ಬಂದರು? ವಂಶವಾಹಿ ಪರೀಕ್ಷೆ ಮಾಡಿದವರು ಕಂಡುಕೊಂಡ ಪ್ರಕಾರ, ತಾಯಿ ಕಡೆಯ ಬೇರು ಅರ್ಧಕ್ಕಿಂತ ಜಾಸ್ತಿ ಐರ್ಲೆಂಡ್, ಸ್ಕಾಟ್ಲೆಂಡ್ ಕಡೆಯದು. ಅವರಲ್ಲಿ ಎಷ್ಟೋ ಜನರನ್ನು ಆಳುಗಳಾಗಿ ಎಳೆದು ತಂದದ್ದು. ಅಂದರೆ ಆ ದೇಶದ ಅಜ್ಜಿಯಂದಿರೇ ಹೊರಗಿನವರು.

ಒಂದೇ ಥರದ ಜನ ಅನ್ನೋದು ತಾನಾಗಿ ಉಳಿದದ್ದೂ ಅಲ್ಲ, ಅದನ್ನು ಕಾವಲು ಕಾದು ಉಳಿಸಿಕೊಂಡದ್ದು. 1930ರ ದಶಕದಲ್ಲಿ ಹಿಟ್ಲರನಿಂದ ತಪ್ಪಿಸಿಕೊಂಡು ಬಂದ ಯೆಹೂದಿಗಳಲ್ಲಿ ಹಲವರನ್ನು ವಾಪಸ್ ಕಳಿಸಿದರು. 1951ರಲ್ಲಿ ಅಮೆರಿಕದ ಸೇನೆ ಕೆಫ್ಲಾವಿಕ್‌ಗೆ ಬಂದಾಗ, ಕಪ್ಪು ಸೈನಿಕರನ್ನು ಮಾತ್ರ ಕಳಿಸಬೇಡಿ ಅಂತ ಸರ್ಕಾರ ಗುಟ್ಟಾಗಿ ಕೇಳಿಕೊಂಡಿತ್ತು. 1956ರಲ್ಲಿ ಹಂಗೆರಿಯಿಂದ 52 ನಿರಾಶ್ರಿತರು ಬಂದರು, 1979ರಲ್ಲಿ ವಿಯೆಟ್ನಾಮಿನಿಂದ 34. ತಲೆ ಎಣಿಸಿ ಒಳಗೆ ಬಿಟ್ಟ ಹಾಗೆ. ಇನ್ನು ಬೇಕಾದವರಾದರೆ ಬಾಗಿಲು ಬೇರೆ. ಜಪಾನಿನಲ್ಲಿ ಸೆರೆಯಲ್ಲಿದ್ದ ಚೆಸ್ ಆಟಗಾರ ಬಾಬಿ ಫಿಷರ್‌ಗೆ 2005ರಲ್ಲಿ ಸಂಸತ್ತೇ ಕಾನೂನು ಮಾಡಿ ಪೌರತ್ವ ಕೊಟ್ಟಿತು. 1972ರಲ್ಲಿ ರಾಜಧಾನಿ ರೇಕ್ಯಾವಿಕ್‌ನಲ್ಲಿ ಆಡಿ ಆ ಊರಿನ ಹೆಸರನ್ನು ಜಗತ್ತಿಗೆಲ್ಲ ಹೇಳಿಸಿದವನಲ್ಲವೇ? ಭಾಷೆ ಬರುತ್ತಾ ಅಂತ ಯಾರೂ ಕೇಳಲಿಲ್ಲ.

ಈಗಿರುವ ಹೊರಗಿನವರು ಹೀಗೆ ಬಂದವರಲ್ಲ. ಅವರನ್ನು ಕೆಲಸಕ್ಕೆ ಕರೆಸಿದ್ದು. ಐಸ್‌ಲ್ಯಾಂಡ್ ಯುರೋಪಿಯನ್ ಒಕ್ಕೂಟದ ಸದಸ್ಯ ಅಲ್ಲ, ಆದರೆ 1994ರಿಂದ ಅದರ ಮಾರುಕಟ್ಟೆಯ ಒಪ್ಪಂದದಲ್ಲಿದೆ. ಮೀನು ಮಾರಬೇಕಲ್ಲ! ಮೀನು ಆ ಕಡೆ ಸಲೀಸಾಗಿ ಹೋಗಬೇಕಾದರೆ ಆ ಕಡೆಯ ಕೆಲಸಗಾರರೂ ಈ ಕಡೆ ಸಲೀಸಾಗಿ ಬರಬೇಕು, ಅದು ಕರಾರು. 2006ರಲ್ಲಿ ಪೋಲೆಂಡಿನವರಿಗೆ ಬಾಗಿಲು ಪೂರ್ತಿ ತೆರೆಯಿತು. ಆಗ ಕಟ್ಟಡ ಕಟ್ಟುವ ಭರಾಟೆ. 2008ರಲ್ಲಿ ಮೂರು ದೊಡ್ಡ ಬ್ಯಾಂಕುಗಳೂ ಮಕಾಡೆ ಮಲಗಿದವು, ಕೆಲವರು ಊರಿಗೆ ಹೋದರು, ತುಂಬಾ ಜನ ಉಳಿದರು. ಆಮೇಲೆ ಪ್ರವಾಸಿಗರ ಸುಗ್ಗಿ. 2010ರಲ್ಲಿ ಐದು ಲಕ್ಷ ಇದ್ದಿರದ ಪ್ರವಾಸಿಗರು 2018ರಲ್ಲಿ 23 ಲಕ್ಷ. ಅಷ್ಟು ಜನರ ಹಾಸಿಗೆ ಮಡಚುವವರು ಯಾರು, ತಟ್ಟೆ ತೊಳೆಯುವವರು ಯಾರು? ದಕ್ಷಿಣದ ವಿಕ್ ಅನ್ನುವ ಪುಟ್ಟ ಊರಿನ ಸುತ್ತ ಇವತ್ತು ಅರ್ಧಕ್ಕಿಂತ ಹೆಚ್ಚು ಜನ ವಿದೇಶದವರು. ಅಲ್ಲಿನ ಸ್ಥಳೀಯ ಆಡಳಿತ 2022ರಲ್ಲಿ ಇಂಗ್ಲಿಷ್ ಮಾತಾಡುವವರದ್ದೇ ಒಂದು ಸಲಹಾ ಸಮಿತಿ ಮಾಡಿತು. ಇದನ್ನು ಓದಿ ನಿಮಗೆ ಹೊಟ್ಟೆ ಉರಿಯಬಹುದು. ನನಗೂ ಒಂದು ಗಳಿಗೆ ಹಾಗೇ ಆಯಿತು, ಸುಳ್ಳು ಯಾಕೆ ಹೇಳಲಿ.

ಈಗ ರಾಜಕೀಯಕ್ಕೆ ಬರೋಣ, ನನ್ನ ತಕರಾರು ಇರುವುದು ಇಲ್ಲೇ. ಅಲ್ಲಿನ ವಲಸಿಗರಲ್ಲಿ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರು ಪೋಲೆಂಡಿನವರು. ಅವರನ್ನು ತಡೆಯಬೇಕಾದರೆ ಆ ಒಪ್ಪಂದದಿಂದಲೇ ಹೊರಬರಬೇಕು. ಅದನ್ನು ಹೇಳುವ ಧೈರ್ಯ ಯಾವ ದೊಡ್ಡ ಪಕ್ಷಕ್ಕೂ ಇಲ್ಲ. ಹಾಗಾಗಿ ಜಗಳ ಎಲ್ಲಾ ಆಶ್ರಯ ಕೇಳಿ ಬಂದವರ ಮೇಲೆ. 2022ರಲ್ಲಿ ಆಶ್ರಯ ಕೇಳಿದವರು 4,500ಕ್ಕೂ ಜಾಸ್ತಿ, ಅದರಲ್ಲಿ ಅರ್ಧದಷ್ಟು ಉಕ್ರೇನಿನವರು. ಅಷ್ಟು ಸಣ್ಣ ದೇಶಕ್ಕೆ ಅದು ಭಾರವೇ, ಇಲ್ಲ ಅನ್ನಲ್ಲ. 2023ರಲ್ಲಿ ಕಾನೂನು ಬಿಗಿ ಮಾಡಿದರು. ಅರ್ಜಿ ಕೊನೆಯದಾಗಿ ತಿರಸ್ಕಾರವಾದರೆ 30 ದಿನ, ಆಮೇಲೆ ವಸತಿ ಊಟ ಬಂದ್. ಹೋಗಲು ಜಾಗವಿಲ್ಲದ ಕೆಲವರು ಬೀದಿಗೆ ಬಿದ್ದರು. ಅದಾದ ಮೇಲೆ ದನಿ ಎಲ್ಲಾ ಕಡೆ ಬಿಗಿಯಾಯಿತು. ಹೊರದೇಶದ ಗುಟ್ಟಿನ ಕಂಪನಿಗಳ ದಾಖಲೆ ಬಯಲಾದ ಪನಾಮಾ ಪೇಪರ್ಸ್ ಗಲಾಟೆಯಲ್ಲಿ 2016ರಲ್ಲಿ ಪ್ರಧಾನಿ ಕುರ್ಚಿ ಬಿಟ್ಟ ಸಿಗ್ಮುಂಡುರ್ ಡೇವಿಡ್ ಅವರ ಸೆಂಟರ್ ಪಕ್ಷ ಈ ವಿಷಯ ಹಿಡಿದುಕೊಂಡು 2024ರ ಚುನಾವಣೆಯಲ್ಲಿ 63ರಲ್ಲಿ 8 ಸೀಟು ಗೆದ್ದಿತು. ಎಡಪಂಥದ ಸೋಶಿಯಲ್ ಡೆಮಾಕ್ರಟಿಕ್ ನಾಯಕಿ ಕ್ರಿಸ್ಟ್ರೂನ್ ಕೂಡ ಚುನಾವಣೆಗೆ ಮೊದಲೇ, ನಮ್ಮ ನಿಯಮ ನಾರ್ಡಿಕ್ ನೆರೆಯವರ ಹಾಗೇ ಇರಬೇಕು ಅಂದರು. ಅವರೇ ಗೆದ್ದು ಪ್ರಧಾನಿಯಾದರು.

ಇದೆಲ್ಲ ಸರಿಯೋ ತಪ್ಪೋ, ಭಾಷೆಗೂ ಇದಕ್ಕೂ ಏನು ಸಂಬಂಧ ಹೇಳಿ? ಆಶ್ರಯ ಕೇಳಿ ಬಂದು, ಸಿಗದೆ ವಾಪಸ್ ಹೋಗಬೇಕಾದ ವೆನೆಜುವೆಲಾದವರಿಂದ ಐಸ್‌ಲ್ಯಾಂಡಿಕ್ ಭಾಷೆಗೆ ಒಂದು ಪದವೂ ನಷ್ಟ ಆಗಿರಲಿಲ್ಲ. ಅಂಗಡಿಯ ಕೌಂಟರಿನಲ್ಲಿ ಪೋಲೆಂಡಿನ ಹುಡುಗಿ ತಡವರಿಸುತ್ತಾ ನಾಲ್ಕು ಪದ ಆಡಿದರೆ ಸ್ಥಳೀಯರು ತಕ್ಷಣ ಇಂಗ್ಲಿಷಿಗೆ ಜಾರುತ್ತಾರೆ. ಮರ್ಯಾದೆಗೆ ಅಂತಲೇ ಜಾರುತ್ತಾರೆ, ಆದರೆ ಹುಡುಗಿ ಅಲ್ಲಿಗೇ ನಿಲ್ಲುತ್ತಾಳೆ. ಮೀನು ಫ್ಯಾಕ್ಟರಿಯಲ್ಲಿ ದಿನವಿಡೀ ನಿಂತು ಕೆಲಸ ಮಾಡಿದವರು ಸಂಜೆ ದುಡ್ಡು ಕೊಟ್ಟು ವ್ಯಾಕರಣದ ಕ್ಲಾಸಿಗೆ ಹೋಗಬೇಕು, ಅದೂ ಒಂದೊಂದು ನಾಮಪದವೂ ನಾಲ್ಕು ವಿಭಕ್ತಿಯಲ್ಲಿ ರೂಪ ಬದಲಿಸುವ ಭಾಷೆ. ಪೌರತ್ವಕ್ಕೆ 2009ರಿಂದ ಭಾಷಾ ಪರೀಕ್ಷೆ ಇದೆ. ಪರೀಕ್ಷೆ ಇಡುವುದು ಸುಲಭ, ಕಲಿಸುವುದಕ್ಕೆ ಖರ್ಚಾಗುತ್ತದೆ.

ಈ ಹುಳುಕು ಹಿಡಿದವರು ಅಲ್ಲೂ ಇದ್ದಾರೆ. ವಾಯವ್ಯದ ವೆಸ್ಟ್‌ಫಿಯರ್ಡ್ಸ್ ಕಡೆ "ಐಸ್‌ಲ್ಯಾಂಡಿಕ್‌ಗೆ ಒಂದು ಚಾನ್ಸ್ ಕೊಡೋಣ" ಅಂತ ಒಂದು ಚಳವಳಿ ಶುರುವಾಗಿದೆ. ಅದು ಹೇಳುವುದು ಬಂದವರಿಗಲ್ಲ, ಊರಿನವರಿಗೆ: ಇಂಗ್ಲಿಷಿಗೆ ಜಾರಬೇಡಿ, ನಿಧಾನಕ್ಕೆ ಮಾತಾಡಿ, ತಪ್ಪಿದರೆ ನಗಬೇಡಿ. (ತಮಾಷೆ ನೋಡಿ, ಅವರ ಭಾಷೆಯಲ್ಲೂ ಆ "ಚಾನ್ಸ್" ಎರವಲು ಪದವೇ.)

ಬೆಂಗಳೂರಿನ ಮಾತು ಎತ್ತಿದ್ದು ನೀವು, ಅದಕ್ಕೇ ಹೇಳುತ್ತೇನೆ. ನಮ್ಮ ಕಟ್ಟಡದ ವಾಚ್‌ಮನ್ ಒಡಿಶಾದವನು. ಮೂರು ತಿಂಗಳು ದಿನಾ ಬೆಳಿಗ್ಗೆ "ಊಟ ಆಯ್ತಾ ಸಾರ್" ಅನ್ನುತ್ತಿದ್ದ, ಬೆಳಿಗ್ಗೆ ಏಳು ಗಂಟೆಗೆ. ನಾನು ನಕ್ಕು ನನ್ನ ಹರಕು ಹಿಂದಿಯಲ್ಲಿ ಉತ್ತರ ಕೊಡುತ್ತಿದ್ದೆ. ಈಗ ಅವನು ಹಿಂದಿಯಲ್ಲೇ ಕೇಳುತ್ತಾನೆ. ಅವನಿಗೆ ಬರುತ್ತಿದ್ದ ಅಷ್ಟು ಕನ್ನಡವನ್ನು ಬಿಡಿಸಿದ್ದು ಯಾರು? ಕನ್ನಡ ಪತ್ರಿಕೆಯ ಸಂಪಾದಕ!

ಇನ್ನು ನೀವು ಹಿಡಿದ ತಪ್ಪು. ಪೌರತ್ವ ಬೇಕಾದರೆ ಹೆಸರು ಬದಲಿಸಬೇಕು ಅಂತ ಲೇಖನದಲ್ಲಿ ಇತ್ತು. ಆ ನಿಯಮ 1996ರಲ್ಲೇ ಹೋಯಿತು, ನೀವು ಹೇಳಿದ್ದೇ ಸರಿ. ನಾವು ನೋಡಿಕೊಳ್ಳಬೇಕಿತ್ತು, ಕ್ಷಮೆ ಇರಲಿ. ಅಲ್ಲಿನವರಿಗೆ ಮನೆತನದ ಹೆಸರು ಇರುವುದೇ ಅಪರೂಪ. ಅಪ್ಪನ ಅಥವಾ ಅಮ್ಮನ ಹೆಸರಿಗೆ ಮಗ, ಮಗಳು ಅಂತ ಸೇರಿಸಿಕೊಂಡರೆ ಆಯಿತು. ಅಪ್ಪನ ಹೆಸರಿನ ಒಂದಕ್ಷರದಲ್ಲೇ ಜೀವನ ಕಳೆಯುವ ನಮಗೆ ಅದು ಅಷ್ಟೇನೂ ವಿಚಿತ್ರ ಅನಿಸಬಾರದು.

ಕೊನೆಯಲ್ಲಿ ಕೇಳಿದ್ದೀರಿ, ಕಂಪ್ಯೂಟರಿಗೆ ಅವರು ಸ್ವಂತ ಪದ ಕಟ್ಟಿಕೊಂಡಿದ್ದಾರಂತೆ, ಜನ ನಿಜವಾಗಿ ಅದನ್ನೇ ಆಡ್ತಾರಾ ಅಂತ. ಆಡ್ತಾರೆ. "ಟೋಲ್ವಾ" ಅನ್ನುತ್ತಾರೆ, ಅಂಕಿ ಅನ್ನುವ ಪದಕ್ಕೆ ಕಣಿ ಹೇಳುವವಳು ಅನ್ನುವ ಹಳೇ ಪದ ಜೋಡಿಸಿದ್ದು. ಮಕ್ಕಳೂ ಅದನ್ನೇ ಹೇಳುತ್ತಾರೆ. ಈ ಉತ್ತರವನ್ನು ನಾನು ಟೈಪ್ ಮಾಡಿದ್ದು ಮಾತ್ರ ಕಂಪ್ಯೂಟರಿನಲ್ಲಿ. ಗಣಕಯಂತ್ರ ಅಂದರೆ ನಮ್ಮ ಆಫೀಸಿನ ಹುಡುಗರು ನಗುತ್ತಾರೆ.

ಸಂಪಾದಕ