ದೇವರ ಕೆಲಸದ ಮೇಲೆ ಸಿಟ್ಟಾಗುವುದು ಹೇಗೆ? ಪಾಸ್ಟರ್ ಕುಟುಂಬವೊಂದರ ಆಪ್ತಸಲಹೆ ಪ್ರಕರಣ

ಈ ಪ್ರಕರಣ ಬರೆಯಲು ಆ ಕುಟುಂಬದ ಒಪ್ಪಿಗೆ ಇದೆ. ಗುರುತು ಸಿಗುವಂಥ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಹೆಸರುಗಳನ್ನೂ ಇಟ್ಟಿಲ್ಲ. ಪಾಸ್ಟರ್, ಅವರ ಹೆಂಡತಿ, ಮಗಳು, ಮಗ, ಇಷ್ಟು ಸಾಕು.

ಮೊದಲು ಬಂದವರು ಹೆಂಡತಿ, ಒಬ್ಬರೇ. ಮಗಳ ವಿಷಯ ಮಾತಾಡಬೇಕು ಎಂದರು. ಹೈಸ್ಕೂಲಿನ ಹುಡುಗಿ. ಕೆಲವು ತಿಂಗಳಿಂದ ಭಾನುವಾರದ ಆರಾಧನೆಗೆ ಬರುತ್ತಿಲ್ಲ. ಹಾಡುವ ತಂಡ ಬಿಟ್ಟಿದ್ದಾಳೆ. ಅಪ್ಪ ಮನೆಗೆ ಬಂದರೆ ಎದ್ದು ಕೋಣೆಗೆ ಹೋಗುತ್ತಾಳೆ. ‘ಪಾಸ್ಟರ್ ಮಗಳೇ ಹೀಗಾ?’ ಎಂದು ಸಭೆಯಲ್ಲಿ, ಅಂದರೆ ಚರ್ಚಿನ ಜನರಲ್ಲಿ, ಮಾತು ಶುರುವಾಗಿದೆ. ಇಷ್ಟನ್ನೂ ಒಂದೇ ಸಮ ಹೇಳಿದರು. “ಮಗಳ ವಿಷಯ ಆಯ್ತು, ನೀವು ಹೇಗಿದ್ದೀರಿ?” ಎಂದು ಕೇಳಿದೆ. ಅದಕ್ಕೆ ಅವರು ಕೊಟ್ಟ ಉತ್ತರ ಇದು:

“ನಾನು ಯಾರ ಮೇಲೆ ಸಿಟ್ಟು ಮಾಡ್ಕೊಳ್ಳಲಿ, ನೀವೇ ಹೇಳಿ. ಬೇರೆಯವರ ಗಂಡ ಎಲ್ಲೋ ಸುತ್ತಾಡಿ ತಡವಾಗಿ ಬಂದ್ರೆ ಜಗಳ ಆಡಬಹುದು. ನಮ್ಮನೆಯವರು ಸಾಯೋ ಸ್ಥಿತಿಯಲ್ಲಿರೋರ ಪಕ್ಕ ಕೂತು ಪ್ರಾರ್ಥನೆ ಮಾಡಿ ತಡವಾಗಿ ಬರ್ತಾರೆ. ದೇವರ ಕೆಲಸದ ಮೇಲೆ ಸಿಟ್ಟಾಗೋದು ಹೇಗೆ?”

ಇಡೀ ಪ್ರಕರಣದ ಗಂಟು ಈ ಪ್ರಶ್ನೆಯಲ್ಲೇ ಇತ್ತು. ಹೊತ್ತುಗೊತ್ತಿಲ್ಲದೆ ಕರೆ ಬರುವ ಕೆಲಸಗಳು ಬೇರೆಯೂ ಇವೆ. ಡಾಕ್ಟರ ಮನೆಯಲ್ಲೂ ಪೊಲೀಸರ ಮನೆಯಲ್ಲೂ ನಡುರಾತ್ರಿ ಫೋನ್ ಬರುತ್ತದೆ. ಆದರೆ ಅಲ್ಲಿ ಹೆಂಡತಿ ‘ಹಾಳಾದ ಕೆಲಸ’ ಎಂದು ಬೈದು ಹಗುರಾಗಬಹುದು. ಪಾಸ್ಟರ್ ಮನೆಯಲ್ಲಿ ಹಾಗೆ ಬೈದರೆ ದೇವರನ್ನೇ ಬೈದ ಹಾಗಾಯಿತು ಅನ್ನಿಸುತ್ತದೆ. ಗಂಡನಿಗಿಂತ ಮೊದಲು ಹೆಂಡತಿಗೇ ಹಾಗನ್ನಿಸುತ್ತದೆ. ಹಾಗಾಗಿ ಸಿಟ್ಟು ಬಾಯಿಗೆ ಬರುವುದೇ ಇಲ್ಲ. ಇವರಲ್ಲಿ ಅದು ತಲೆನೋವಾಗಿ, ನಿದ್ದೆಯಿಲ್ಲದ ರಾತ್ರಿಗಳಾಗಿ, ಚಿಕ್ಕ ಮಗನ ಮೇಲೆ ಸುಮ್‌ಸುಮ್ನೆ ರೇಗುವುದಾಗಿ ಹೊರಬರುತ್ತಿತ್ತು.

ಹೇಳಿಕೊಳ್ಳಲು ಜಾಗವೂ ಇರಲಿಲ್ಲ. ಸಭೆಯಲ್ಲಿ ಎಲ್ಲರ ಕಷ್ಟ ಕೇಳಲು ಒಬ್ಬ ಪಾಸ್ಟರ್ ಇದ್ದಾರೆ. ಪಾಸ್ಟರ್ ಹೆಂಡತಿಯ ಕಷ್ಟ ಕೇಳಲು ಯಾರಿದ್ದಾರೆ? ಮಹಿಳಾ ಕೂಟದಲ್ಲಿ ಬಾಯಿಬಿಟ್ಟರೆ ಸಂಜೆಯೊಳಗೆ ಸಭೆಗೆಲ್ಲ ಗೊತ್ತಾಗುತ್ತದೆ. ಗೊತ್ತಾದರೆ ಗಂಡನ ಹೆಸರು ಹಾಳು. ಇವರು ಇದ್ದ ಮನೆಯೂ ಸಭೆಯದೇ. ಕೆಲಸ ಹೋದರೆ ಮನೆ, ಮಕ್ಕಳ ಸ್ಕೂಲು, ಸ್ನೇಹಿತರು, ಆರಾಧನೆಗೆ ಹೋಗುವ ಜಾಗ, ಎಲ್ಲವೂ ಒಂದೇ ದಿನ ಹೋಗುತ್ತವೆ. ಈ ಭಯ ಎಷ್ಟು ದೊಡ್ಡದು ಎನ್ನುವುದು ಸಭೆಯ ಒಳ್ಳೆಯ ಜನರಿಗೂ ಹೊಳೆದಿರುವುದಿಲ್ಲ.

ಮುಂದಿನ ಸಲ ಪಾಸ್ಟರ್ ಕೂಡ ಬಂದರು. ಮೆದು ಮಾತಿನ ಮನುಷ್ಯ. ಕೂತವರೇ ಫೋನನ್ನು ಪರದೆ ಕಾಣುವ ಹಾಗೆ ತೊಡೆಯ ಮೇಲೆ ಇಟ್ಟುಕೊಂಡರು. ಸೈಲೆಂಟ್‌ನಲ್ಲಿತ್ತು. ಹೆಂಡತಿ ಮಾತಾಡುತ್ತಿದ್ದಾಗ ಪರದೆ ಬೆಳಗಿತು. ಅವರು ಎತ್ತಲಿಲ್ಲ, ಬರೀ ಕಣ್ಣು ಅತ್ತ ಹೋಯಿತು. ಹೆಂಡತಿ ಮಾತನ್ನು ಅರ್ಧಕ್ಕೆ ನಿಲ್ಲಿಸಿ, “ನೋಡ್ಕೊಳ್ಳಿ, ಪರವಾಗಿಲ್ಲ” ಎಂದರು. ಆ ಮನೆಯಲ್ಲಿ ದಿನಾ ಏನು ನಡೆಯುತ್ತದೆ ಎಂದು ನನಗೆ ಬೇರೆ ವಿವರಣೆ ಬೇಕಾಗಲಿಲ್ಲ.

ಫೋನನ್ನು ಒಂದು ಗಂಟೆ ದೂರ ಇಡುವುದು ಯಾಕೆ ಇಷ್ಟು ಕಷ್ಟ ಎಂದು ಕೇಳಿದೆ. ತಡವರಿಸುತ್ತಾ ಹೇಳಿದರು. ಸೇವೆಗೆ ಬಂದ ಹೊಸದರಲ್ಲಿ ಒಂದು ರಾತ್ರಿ ಸಭೆಯ ವಯಸ್ಸಾದವರೊಬ್ಬರು ಫೋನ್ ಮಾಡಿದ್ದರು. ಸುಸ್ತಾಗಿತ್ತು, ಬೆಳಿಗ್ಗೆ ಮಾಡಿದರಾಯಿತು ಎಂದು ಮಲಗಿದರು. ಬೆಳಗಾಗುವುದರೊಳಗೆ ಅವರು ತೀರಿಕೊಂಡಿದ್ದರು. ಮನೆಯವರು ಒಂದು ಮಾತೂ ಅನ್ನಲಿಲ್ಲ. ಆದರೆ ಅವತ್ತಿನಿಂದ ಫೋನ್ ದಿಂಬಿನ ಪಕ್ಕದಲ್ಲೇ. “ಇದು ನನಗೆ ಗೊತ್ತೇ ಇರ್ಲಿಲ್ಲ ರೀ” ಎಂದರು ಹೆಂಡತಿ. ಮದುವೆಯಾಗಿ 15 ವರ್ಷ ದಾಟಿತ್ತು.

ಆ ನೋವು ಸುಳ್ಳಲ್ಲ. ಅದನ್ನು ‘ಬಿಟ್ಟುಬಿಡಿ’ ಎಂದು ನಾನು ಹೇಳಲಿಲ್ಲ. “ನೀವು ಫೋನ್ ಎತ್ತಿದ್ದರೆ ಅವರು ಉಳಿಯುತ್ತಿದ್ದರಾ?” ಎಂದು ಕೇಳಿದೆ. “ಇಲ್ಲ, ಆದರೆ ಒಬ್ಬರೇ ಹೋಗ್ತಿರ್ಲಿಲ್ಲ” ಎಂದರು. ಸರಿ. ಆದರೆ ಆ ಒಂದು ಕರೆಯ ಸಾಲವನ್ನು ಆಮೇಲಿನ ಪ್ರತಿ ಕರೆಯಲ್ಲೂ ತೀರಿಸುತ್ತಾ ಬಂದಿದ್ದರು, ಬಡ್ಡಿ ಕಟ್ಟುತ್ತಿದ್ದವರು ಮಾತ್ರ ಹೆಂಡತಿ ಮಕ್ಕಳು. ಈ ಮಾತು ಅವರಿಗೆ ಸರಿಯಾಗಿ ತಾಕಿತು.

ಪಾಸ್ಟರ್ ಸ್ಥಿತಿಯೂ ಚೆನ್ನಾಗಿರಲಿಲ್ಲ. ಎಷ್ಟು ಮಲಗಿದರೂ ದಣಿವು ಇಳಿಯುತ್ತಿರಲಿಲ್ಲ. ಇಷ್ಟಪಟ್ಟು ಮನೆಮನೆಗೆ ಹೋಗುತ್ತಿದ್ದವರಿಗೆ ಈಗ ಜನರ ಮುಖ ಕಂಡರೆ ಒಳಗೊಳಗೇ ಬೇಸರ. ತನ್ನಿಂದ ಯಾರಿಗೂ ಏನೂ ಉಪಯೋಗವಿಲ್ಲ ಅನ್ನುವ ಭಾವನೆ. ಇದು ತನ್ನ ವಿಶ್ವಾಸ ಕಮ್ಮಿಯಾದ ಗುರುತು ಎಂದುಕೊಂಡು ಉಪವಾಸ ಪ್ರಾರ್ಥನೆ ಜಾಸ್ತಿ ಮಾಡಿದ್ದರು. ದಣಿವು, ಜನರ ಬಗ್ಗೆ ಬೇಸರ, ಕೈಲಾಗದ ಭಾವನೆ, ಈ ಮೂರನ್ನೇ ಮನಶ್ಶಾಸ್ತ್ರಜ್ಞೆ ಕ್ರಿಸ್ಟಿನಾ ಮ್ಯಾಸ್ಲಾಕ್ ‘ಬರ್ನೌಟ್’ನ ಮುಖ್ಯ ಲಕ್ಷಣಗಳೆಂದು ಗುರುತಿಸಿದ್ದಾರೆ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಕಾಯಿಲೆ ಎನ್ನದೆ, ಕೆಲಸದ ಒತ್ತಡವನ್ನು ಸರಿಯಾಗಿ ನಿಭಾಯಿಸದೆ ಇದ್ದಾಗ ಬರುವ ಸ್ಥಿತಿ ಎಂದು ವಿವರಿಸಿತು. ಇದನ್ನು ಕೇಳಿ ಅವರ ಮುಖ ಸ್ವಲ್ಪ ಸಡಿಲವಾಯಿತು. ದೇಹದ ಕಾರಣಗಳೂ ಇರಬಹುದು, ಡಾಕ್ಟರ ಹತ್ತಿರ ಒಮ್ಮೆ ತೋರಿಸಿ ಎಂದು ಕಳಿಸಿದೆ.

ಮಗಳ ಜೊತೆ ಬೇರೆಯಾಗಿ ಮಾತಾಡಿದೆ. ಅಪ್ಪ ಮನೆಗೆ ತಡವಾಗಿ ಬರುವುದು ಅವಳಿಗೆ ದೊಡ್ಡ ವಿಷಯವೇ ಆಗಿರಲಿಲ್ಲ. ಒಂದು ಪರೀಕ್ಷೆಯಲ್ಲಿ ಫೇಲಾಗಿ ಅತ್ತಿದ್ದಳಂತೆ. ಅಪರೂಪಕ್ಕೆ ಅಪ್ಪ ಪಕ್ಕದಲ್ಲಿ ಕೂತು ಸಮಾಧಾನ ಮಾಡಿದ್ದರು. ತುಂಬಾ ಖುಷಿಯಾಗಿತ್ತು. ಆ ಭಾನುವಾರವೇ ಅದು ಅಪ್ಪನ ಪ್ರಸಂಗದಲ್ಲಿ, ಅಂದರೆ ಆರಾಧನೆಯ ಉಪದೇಶದಲ್ಲಿ, ಉದಾಹರಣೆಯಾಗಿ ಬಂತು. ಹೆಸರು ಹೇಳಲಿಲ್ಲ, ‘ನನ್ನ ಮಗಳು’ ಅಂದರು. ಇಡೀ ಸಭೆ ತಿರುಗಿ ಅವಳನ್ನು ನೋಡಿತು. “ನನ್ನ ಹತ್ರ ಮಾತಾಡಿದ್ದು ನನಗೋಸ್ಕರ ಅಂದ್ಕೊಂಡಿದ್ದೆ. ಪ್ರಸಂಗಕ್ಕೆ ಬೇಕಿತ್ತು ಅಷ್ಟೇ” ಎಂದಳು. ಅಪ್ಪನಿಗೆ ಆ ಉದ್ದೇಶ ಖಂಡಿತ ಇರಲಿಲ್ಲ. ಆದರೆ ಅವಳಿಗೆ ಹಾಗೆ ಅನ್ನಿಸಿದ್ದು ತಪ್ಪಲ್ಲ.

ಅಮೆರಿಕದ ಕುಟುಂಬ ಚಿಕಿತ್ಸಕಿ ಪಾಲಿನ್ ಬಾಸ್ 1970ರ ದಶಕದಲ್ಲಿ ಇಂಥ ಮನೆಗಳನ್ನು ಗಮನಿಸಿದರು: ಅಪ್ಪ ಮನೆಯಲ್ಲೇ ಇದ್ದಾರೆ, ಆದರೆ ಮನಸ್ಸು ಅಲ್ಲಿಲ್ಲ. ಸತ್ತವರಿಗಾಗಿ ಅಳಬಹುದು, ದೂರ ಹೋದವರಿಗಾಗಿ ಕಾಯಬಹುದು. ಎದುರಿಗೇ ಕೂತು ಇಲ್ಲದಿರುವವರಿಗೆ ಏನು ಮಾಡುವುದೆಂದು ಮನೆಯವರಿಗೆ ತೋಚುವುದಿಲ್ಲ. ಹಾಗಾಗಿಯೇ ‘ದಿನಕ್ಕೆ ಇಷ್ಟು ಗಂಟೆ ಮನೆಯಲ್ಲಿರಿ’ ಎಂಬ ಸಲಹೆಯಿಂದ ಇಲ್ಲಿ ಉಪಯೋಗವಿಲ್ಲ ಎಂದು ನನಗನ್ನಿಸಿತು.

ಮೊದಲು ಹೇಳಿದ್ದು ಒಂದು ನೋಟ್‌ಬುಕ್ ಇಡಲು. ಎರಡು ವಾರ ಸಂಜೆಯ ಮೇಲೆ ಬರುವ ಪ್ರತಿ ಕರೆಯನ್ನೂ ಬರೆಯಬೇಕು. ಯಾಕೆ ಮಾಡಿದ್ದರು, ಬೆಳಿಗ್ಗೆ ತನಕ ಕಾಯಬಹುದಿತ್ತಾ, ಬೇರೆಯವರು ನೋಡಿಕೊಳ್ಳಬಹುದಿತ್ತಾ. ಯಾರ ಗುಟ್ಟನ್ನೂ ಬರೆಯಬಾರದು. ಅವರು ತಂದು ತೋರಿಸಿದ ಪುಟದಲ್ಲಿ ಇದ್ದದ್ದು ಇವು: ಮೈಕ್ ಕೆಟ್ಟಿದೆ, ಸ್ಟೋರ್ ರೂಮಿನ ಕೀ ಯಾರ ಹತ್ತಿರ, ಭಾನುವಾರ ಯಾರು ಹಾಡುವುದು, ಇವರು ನನ್ನನ್ನು ಮಾತಾಡಿಸಲಿಲ್ಲ, ಹೊಸ ಕುರ್ಚಿಗಳು ಯಾವಾಗ ಬರುತ್ತವೆ. ನಡುವೆ ಒಂದು ನಿಜವಾದದ್ದು, ಆಪರೇಷನ್‌ಗೆ ಹೋಗುತ್ತಿರುವವರೊಬ್ಬರು ಪ್ರಾರ್ಥನೆ ಕೇಳಿದ್ದು. ಎರಡು ವಾರದಲ್ಲಿ ಅಂಥವು ಒಂದು ಕೈ ಬೆರಳೆಣಿಕೆಯಷ್ಟೂ ಇರಲಿಲ್ಲ. ಆದರೆ ಎಲ್ಲಕ್ಕೂ ಅವರು ಒಂದೇ ಥರ ಎದ್ದು ಹೋಗಿದ್ದರು. ಮನೆಯವರಿಗೆ ಎಲ್ಲವೂ ‘ದೇವರ ಕೆಲಸ’ ಎಂದೇ ತಲುಪಿತ್ತು. ಮೈಕ್ ಕೆಟ್ಟದ್ದಕ್ಕೆ ಆ ಹೆಸರು ಬೇಡ ಎಂದೆ. ಆ ಹೆಸರು ತೆಗೆದರೆ ಹೆಂಡತಿ ಮಾತಾಡಲು ಜಾಗ ಸಿಗುತ್ತದೆ.

ಇಂಥ ಕರೆಗಳನ್ನು ಬೇರೆಯವರಿಗೆ ಹಂಚಿ ಎಂದೆ. ಪಾಸ್ಟರ್ ಬಾಯಲ್ಲಿ ಒಪ್ಪಿದರು, ಆದರೆ ಮನಸ್ಸು ಒಪ್ಪಲಿಲ್ಲ. ಕೆಲಸ ಹಂಚಿದರೆ ಸಭೆಯೆಂಬ ಮಂದೆಯನ್ನು ಕಾಯದ ಸೋಮಾರಿ ಕುರುಬನಾಗುತ್ತೇನೆ ಅನ್ನುವ ಅಂಜಿಕೆ. ಆಗ ಬೈಬಲಿನ ವಿಮೋಚನಕಾಂಡದ 18ನೇ ಅಧ್ಯಾಯವನ್ನು ಮೊದಲಿಂದ ಓದಿ ಎಂದೆ. ಅವರಿಗೆ ಅದು ಬಾಯಿಪಾಠ. ಇಸ್ರಾಯೇಲ್ಯರ ನಾಯಕ ಮೋಶೆ ಬೆಳಗಿಂದ ಸಂಜೆ ತನಕ ಒಬ್ಬನೇ ಜನರ ವ್ಯಾಜ್ಯ ತೀರಿಸುವುದು, ಮಾವ ಇತ್ರೋ ಇದು ಸರಿಯಲ್ಲ, ನೀನೂ ಬಳಲುತ್ತೀ ಜನರೂ ಬಳಲುತ್ತಾರೆ ಎನ್ನುವುದು, ಸಾವಿರ, ನೂರು, ಐವತ್ತು, ಹತ್ತು ಮಂದಿಯ ಮೇಲೆ ಮುಖಂಡರನ್ನು ಇಡಲು ಹೇಳುವುದು. ಇದರ ಮೇಲೆ ಅವರೇ ಪ್ರಸಂಗ ಮಾಡಿದ್ದರು, ಆದರೆ 13ನೇ ವಚನದಿಂದ. ಅಧ್ಯಾಯದ ಶುರುವಿನಲ್ಲಿ ಇರುವುದು ಬೇರೆ. ಮೋಶೆ ಹೆಂಡತಿ ಚಿಪ್ಪೋರಳನ್ನು ತವರಿಗೆ ಕಳಿಸಿಬಿಟ್ಟಿದ್ದ. ಇತ್ರೋ ಬಂದದ್ದು ಆ ಮಗಳನ್ನೂ ಇಬ್ಬರು ಮೊಮ್ಮಕ್ಕಳನ್ನೂ ಕರೆದುಕೊಂಡು. ಅವರು ಬಂದ ಮರುದಿನವೇ ಮೋಶೆ ಬೆಳಗಿಂದ ಸಂಜೆ ತನಕ ಕೆಲಸಕ್ಕೆ ಕೂರುತ್ತಾನೆ. ಇತ್ರೋ ಮಗಳ ಹೆಸರೆತ್ತಿ ವಾದ ಮಾಡುವುದಿಲ್ಲ, ನಿಜ. ಆದರೂ ಕೆಲಸ ಹಂಚು ಎಂದವನು ಆ ಹೆಣ್ಣಿನ ಅಪ್ಪ. ಪಾಸ್ಟರ್ ಆ ಮೊದಲ ವಚನಗಳನ್ನು ಹೆಂಡತಿಯ ಮುಂದೆ ಎರಡು ಸಲ ಓದಿದರು.

ಆಮೇಲೆ ಕೆಲಸ ಸಲೀಸಾಯಿತು. ಸಂಜೆ 7ರ ನಂತರ ಸಭೆಯ ಫೋನ್ ಹಿರಿಯರಲ್ಲಿ ಇಬ್ಬರ ಹತ್ತಿರ ಸರದಿಯಂತೆ ಇರುತ್ತದೆ. ಸಾವು, ಜೀವಕ್ಕೆ ಅಪಾಯ, ಮನೆಯಲ್ಲಿ ಹೊಡೆದಾಟ, ಸಾಯುತ್ತೇನೆ ಎನ್ನುವವರು, ಈ ನಾಲ್ಕಕ್ಕೆ ಪಾಸ್ಟರನ್ನು ತಕ್ಷಣ ಕರೆಯಬೇಕು. ಕೊನೆಯ ಎರಡಕ್ಕೆ ಪ್ರಾರ್ಥನೆಯ ಜೊತೆಗೆ ಪೊಲೀಸ್, ಡಾಕ್ಟರ್ ಸಹಾಯವೂ ಬೇಕು, ಅದನ್ನು ಹಿರಿಯರಿಗೆ ಬರೆದೇ ಕೊಡಿ ಎಂದೆ. ಈ ಬದಲಾವಣೆಯನ್ನು ಭಾನುವಾರ ತಿಳಿಸಬೇಕಾದವರು ಹಿರಿಯರು, ಪಾಸ್ಟರ್ ಅಲ್ಲ. ಪಾಸ್ಟರ್ ಹೇಳಿದರೆ ‘ನಮ್ಮನ್ನು ದೂರ ಮಾಡಿದರು’ ಎಂದು ಕೇಳಿಸುತ್ತದೆ.

ವಾರದ ರಜೆಯ ವಿಷಯದಲ್ಲಿ ಸ್ವಲ್ಪ ಚರ್ಚೆಯಾಯಿತು. ಹೆಚ್ಚಿನ ಪಾಸ್ಟರುಗಳು ಸೋಮವಾರ ರಜೆ ತೆಗೆದುಕೊಳ್ಳುತ್ತಾರೆ. ಭಾನುವಾರದ ದಣಿವಿಗೆ ಅದು ಸರಿ. ಆದರೆ ಅವತ್ತು ಮಕ್ಕಳು ಸ್ಕೂಲಿನಲ್ಲಿ, ಇವರು ಹಾಸಿಗೆಯಲ್ಲಿ. ಅದು ದೇಹಕ್ಕೆ ವಿಶ್ರಾಂತಿ, ಮನೆಯವರಿಗೆ ಸಿಗುವ ದಿನವಲ್ಲ. ಹಾಗಾಗಿ ಸೋಮವಾರ ಬೆಳಿಗ್ಗೆ ನಿದ್ದೆಗೆ ಇರಲಿ, ಶನಿವಾರ ಮಧ್ಯಾಹ್ನದಿಂದ ರಾತ್ರಿ ತನಕ ಮನೆಗೆ ಕೊಡಿ ಎಂದೆ. ಅದಕ್ಕೆ ಪ್ರಸಂಗದ ತಯಾರಿ ಶುಕ್ರವಾರಕ್ಕೇ ಮುಗಿಯಬೇಕು. ಇದು ಅವರಿಗೆ ಎಲ್ಲಕ್ಕಿಂತ ಕಷ್ಟವಾಯಿತು, ಈಗಲೂ ಕೆಲವು ವಾರ ತಪ್ಪುತ್ತದೆ.

ಹೆಂಡತಿಗೆ ಒಂದು ಪ್ರಶ್ನೆ ಕೊಟ್ಟಿದ್ದೆ: ನೀವು ಪಾಸ್ಟರ್ ಹೆಂಡತಿ ಆಗಿರದಿದ್ದರೆ ಸಭೆಯಲ್ಲಿ ಯಾವ ಕೆಲಸ ಮಾಡುತ್ತಿದ್ದಿರಿ? ಯೋಚಿಸಿ ಬಂದು, ಸಂಡೇ ಸ್ಕೂಲ್ ಮಾತ್ರ ಎಂದರು. ಮಕ್ಕಳಿಗೆ ಕಲಿಸುವುದು ಅವರಿಗೆ ನಿಜವಾಗಿಯೂ ಇಷ್ಟ. ಮಹಿಳಾ ಕೂಟದ ಜವಾಬ್ದಾರಿ ಬೇರೆಯವರಿಗೆ ಹೋಯಿತು. ಸಭೆಯ ಹೊರಗಿನ ಒಬ್ಬ ಹಿರಿಯ ಮಹಿಳೆಯ ಜೊತೆ ತಿಂಗಳಿಗೊಮ್ಮೆ ಮನಸ್ಸು ಬಿಚ್ಚಿ ಮಾತಾಡುವ ವ್ಯವಸ್ಥೆಯಾಯಿತು. ಇದು ಗಂಡನ ಬೆನ್ನ ಹಿಂದೆ ಮಾಡುವ ಕೆಲಸ ಅಲ್ವಾ ಎಂದು ಅಳುಕಿದರು. ಗಂಡನಿಗೆ ಹೇಳಿಯೇ ಹೋಗಿ, ಏನು ಮಾತಾಡಿದಿರಿ ಎಂದು ಹೇಳಬೇಕಿಲ್ಲ ಎಂದೆ.

ಗುಟ್ಟು ಕಾಯುವ ವಿಷಯವೂ ಮುಖ್ಯ. ಜನ ಪಾಸ್ಟರ್ ಹತ್ತಿರ ಹೇಳಿಕೊಂಡದ್ದನ್ನು ಅವರು ಹೆಂಡತಿಗೂ ಹೇಳುವಂತಿಲ್ಲ. ಹಾಗೆಂದು ಮುಖ ಬಿಗಿದುಕೊಂಡು ಕೂತರೆ ಹೆಂಡತಿ ‘ನನ್ನ ಮೇಲೆ ಕೋಪವೇನೋ’ ಎಂದುಕೊಳ್ಳುತ್ತಾರೆ. ವಿಷಯ ಹೇಳಬೇಡಿ, ಭಾರ ಹೇಳಿ ಎಂದೆ. “ಇವತ್ತು ಒಂದು ವಿಷಯ ಮನಸ್ಸಿಗೆ ತುಂಬಾ ಭಾರವಾಗಿದೆ, ನಿನ್ನಿಂದಲ್ಲ” ಅಂದರೆ ಸಾಕು.

ಮಗಳ ಹತ್ತಿರ ಪಾಸ್ಟರ್ ಕ್ಷಮೆ ಕೇಳಿದರು. ಅದರಲ್ಲಿ ‘ಆದರೆ’ ಬರಬಾರದು, ಕೊನೆಗೆ ಪ್ರಾರ್ಥನೆ ಮಾಡಿ ಮುಗಿಸಬಾರದು ಎಂದು ಮೊದಲೇ ಹೇಳಿದ್ದೆ. ಮಕ್ಕಳ ಯಾವ ವಿಷಯವನ್ನೂ ಅವರನ್ನು ಕೇಳದೆ ಪ್ರಸಂಗದಲ್ಲಿ ತರುವುದಿಲ್ಲ ಎಂದು ಮಾತು ಕೊಟ್ಟರು. ಅವಳು ಹಾಡುವ ತಂಡಕ್ಕೆ ವಾಪಸ್ ಹೋಗಿಲ್ಲ. ಆರಾಧನೆಗೆ ಕೆಲವು ಭಾನುವಾರ ಬರುತ್ತಾಳೆ, ಕೆಲವು ಭಾನುವಾರ ಇಲ್ಲ. ಒತ್ತಾಯ ಬೇಡ ಎಂದಿದ್ದೇನೆ.

ಒತ್ತಾಯದ ಹಿಂದೆ ಒಂದು ವಚನದ ಭಯವೂ ಇತ್ತು. ಬೈಬಲಿನಲ್ಲಿ ತಿಮೊಥೆಯನಿಗೆ ಬರೆದ ಮೊದಲ ಪತ್ರದ 3ನೇ ಅಧ್ಯಾಯ, ಸ್ವಂತ ಮನೆಯನ್ನು ಆಳಲು ತಿಳಿಯದವನು ದೇವರ ಸಭೆಯನ್ನು ಹೇಗೆ ನೋಡಿಕೊಂಡಾನು ಎನ್ನುವ ಮಾತು. ಮನೆಗೆ ಗಮನ ಕೊಡಲಿ ಎಂದು ಇರುವ ಮಾತು ಅದು. ಎಷ್ಟೋ ಪಾಸ್ಟರ್ ಮನೆಗಳಲ್ಲಿ ಅದೇ ಮನೆಯ ನೋವನ್ನು ಮುಚ್ಚಿಡಲು ಕಾರಣವಾಗುತ್ತದೆ. ಮುಚ್ಚಿಟ್ಟಷ್ಟು ದಿನವೂ ಸಹಾಯ ದೂರವೇ ಉಳಿಯುತ್ತದೆ.

ಬದಲಾವಣೆ ಎಲ್ಲರಿಗೂ ಹಿಡಿಸಲಿಲ್ಲ. ಕೆಲವರು ಗೊಣಗಿದರು, ಒಂದು ಕುಟುಂಬ ಬೇರೆ ಸಭೆಗೆ ಹೋಯಿತು. ಪಾಸ್ಟರಿಗೆ ನೋವಾಯಿತು. ಆದರೆ ಕೆಲವು ತಿಂಗಳ ನಂತರ ಹೆಂಡತಿ ಹೇಳಿದ ಒಂದು ಸುದ್ದಿ ನನಗೆ ಖುಷಿ ಕೊಟ್ಟಿತು. ಒಂದು ಶನಿವಾರ ಪಾಸ್ಟರ್ ಮಾತು ತಪ್ಪಿ ಮೀಟಿಂಗ್‌ಗೆ ಹೋಗಿದ್ದರು. ಅವರು ಬಂದ ಮೇಲೆ ಇಬ್ಬರೂ ಜೋರಾಗಿ ಜಗಳ ಆಡಿದರಂತೆ. ಜಗಳದ ನಡುವೆ ಯಾರೂ ದೇವರ ಹೆಸರು ಎತ್ತಲಿಲ್ಲವಂತೆ. ಮರುದಿನ ಹೆಂಡತಿಯ ತಲೆಯೂ ನೋಯಲಿಲ್ಲ.

ಸಭೆಯ ಹಿರಿಯರಿಗೆ ನನ್ನದೊಂದು ಕೋರಿಕೆ ಇದೆ. ಪಾಸ್ಟರನ್ನು ನೇಮಿಸುವಾಗ ಅವರ ಹೆಂಡತಿಯೂ ಸಂಬಳವಿಲ್ಲದೆ ದುಡಿಯುತ್ತಾರೆ ಎಂದು ಲೆಕ್ಕ ಹಾಕಬೇಡಿ. ರಜೆ ಎಷ್ಟು, ಯಾವ ದಿನ, ಆ ದಿನ ಫೋನ್ ಯಾರ ಹತ್ತಿರ ಎಂಬುದನ್ನು ನೇಮಕದ ದಿನವೇ ಬರೆದಿಡಿ. ಪಾಸ್ಟರ್ ದಂಪತಿಗಳಿಗೂ ಒಂದು ಮಾತು. ನಿದ್ದೆ ವಾರಗಟ್ಟಲೆ ಕೆಟ್ಟಿದ್ದರೆ, ಪ್ರಾರ್ಥನೆಯಲ್ಲೂ ಏನೂ ಅನ್ನಿಸದೆ ಹೋದರೆ, ಬದುಕುವುದೇ ಬೇಡ ಎನ್ನುವ ಯೋಚನೆ ಒಮ್ಮೆ ಬಂದುಹೋದರೂ ಸರಿ, ಮುಂದಿನ ಕೂಟ ಮುಗಿಯಲಿ ಎಂದು ಕಾಯದೆ ಆ ವಾರವೇ ಡಾಕ್ಟರನ್ನೋ ಆಪ್ತಸಲಹೆಗಾರರನ್ನೋ ಕಾಣಿ. ನಿಮ್ಮ ಸಭೆಯವರಿಗೆ ಗೊತ್ತಾಗದ ಹಾಗೆ ಬರಬೇಕೆಂದರೆ ಅದಕ್ಕೂ ದಾರಿ ಇದೆ. ಫೋನ್ ಮಾಡುವಾಗಲೇ ಅದನ್ನು ಹೇಳಿ.