ಗಣಪತಿ ಪೆಂಡಾಲಿನಲ್ಲಿ ಚಾಪ್ಲಿನ್: ಮಕ್ಕಳು ಎದ್ದು ಹೋಗದಿರಲು

ತಪ್ಪು ಚಾಪ್ಲಿನ್‌ದಲ್ಲ, ನೀವು ಮೊದಲು ಆರಿಸಿದ ಸಿನಿಮಾದ್ದು ಅನಿಸುತ್ತದೆ. ಹಾಸನದ ನಿಮ್ಮ ಬೀದಿಯ ಪೆಂಡಾಲಿನಲ್ಲಿ ಮೊದಲ ದಿನವೇ 'ದಿ ಗ್ರೇಟ್ ಡಿಕ್ಟೇಟರ್' ಹಾಕಿದೆ, ಮಕ್ಕಳು ಅರ್ಧಕ್ಕೇ ಎದ್ದು ಹೋದರು ಎಂದಿದ್ದೀರಿ. ಅದು ಹಿಟ್ಲರ್‌ನನ್ನು ಅಣಕಿಸುವ 1940ರ ಮಾತಿನ ಚಿತ್ರ. ಎರಡು ಗಂಟೆಗೂ ಜಾಸ್ತಿ, ಅದೂ ಇಂಗ್ಲಿಷಿನಲ್ಲಿ. ಹಿಟ್ಲರ್ ಯಾರೆಂದೇ ಗೊತ್ತಿಲ್ಲದ ಮಗು ಯಾವುದಕ್ಕೆ ನಗಬೇಕು?

ನಾಳೆ 'ದಿ ಇಮಿಗ್ರಂಟ್' ಹಾಕಿ. 1917ರದ್ದು, ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಹಡಗು ಓಲಾಡುವಾಗ ಊಟದ ಮೇಜಿನ ಮೇಲೆ ಬಟ್ಟಲು ಆ ಕಡೆ ಈ ಕಡೆ ಜಾರುತ್ತದೆ, ತನ್ನ ಕಡೆ ಬಂದಾಗ ಸಿಕ್ಕಿದಷ್ಟು ಬಾಯಿಗೆ. ಚಿಕ್ಕಮಗಳೂರಿನ ತೋಟದ ಲೈನ್ ಮನೆ ಮಕ್ಕಳು ನನ್ನ ಕೈಲಿ ಅದೊಂದನ್ನೇ ಮೂರು ಸಲ ಹಾಕಿಸಿದರು.

ಮರುದಿನ 'ದಿ ಸರ್ಕಸ್' (1928): ಸಿಂಹದ ಬೋನು, ಹಗ್ಗದ ಮೇಲೆ ಕೋತಿಗಳು. ಆಮೇಲೆ 'ದಿ ಗೋಲ್ಡ್ ರಷ್'. ಬೂಟನ್ನು ಬೇಯಿಸಿ, ಲೇಸನ್ನು ಶ್ಯಾವಿಗೆ ಹಾಗೆ ಸುತ್ತಿಕೊಂಡು ತಿನ್ನುತ್ತಾನಲ್ಲ, ಹಸಿವಿನಲ್ಲೂ ಅಷ್ಟು ಮರ್ಯಾದೆ ಇಟ್ಟು ನಗಿಸಿದವರನ್ನು ನಾನಂತೂ ಬೇರೆ ಕಂಡಿಲ್ಲ. ಅದರಲ್ಲಿ 1925ರ ಮೂಕಿ ಪ್ರತಿಯನ್ನೇ ಹುಡುಕಿ. 1942ರದ್ದರಲ್ಲಿ ಚಾಪ್ಲಿನ್‌ದೇ ಇಂಗ್ಲಿಷ್ ವಿವರಣೆ ಇದೆ.

ಪರದೆ ಮೇಲಿನ ಓಡಾಟ ತೀರಾ ಜೋರು ಅನಿಸಿದರೆ ಪ್ಲೇಯರ್‌ನ ವೇಗವನ್ನು 0.75ಕ್ಕೆ ಇಳಿಸಿ ನೋಡಿ. ಸಂಗೀತ ಎಳೆದಂತೆ ಕೇಳಿದರೆ ವಾಪಸ್ ಏರಿಸಿ. ನಡುವೆ ಬರುವ ಬರಹವನ್ನು ಮೈಕಿನಲ್ಲಿ ಕನ್ನಡದಲ್ಲಿ ಹೇಳಲು ಹೈಸ್ಕೂಲ್ ಹುಡುಗಿಯೊಬ್ಬಳನ್ನು ಕೂರಿಸಿ. ಮಿಕ್ಕ ಹೊತ್ತು ಅವಳು ಸುಮ್ನೆ ಇರಬೇಕು, ಅಷ್ಟೇ.